ಮೇಲಿನ ಸಾಲು

ನಲವತ್ತು ದಾಟಿದ ಮನುಷ್ಯ ಹೊಸದಾಗಿ ಏನನ್ನಾದರೂ ಕಲಿಯಲು ಹೊರಟರೆ ಲೋಕ ಅವನನ್ನು ಸುಮ್ಮನೆ ಬಿಡುವುದಿಲ್ಲ. ಕಲಿಯುವುದು ಈಜೋ ಯೋಗಾಸನವೋ ಆದರೆ, ‘ಪಾಪ, ಡಾಕ್ಟರು ಹೇಳಿರಬೇಕು’ ಎನ್ನುತ್ತದೆ. ಸಂಗೀತವೋ ಚಿತ್ರಕಲೆಯೋ ಆದರೆ, ‘ಮನೆಯಲ್ಲಿ ನೆಮ್ಮದಿಯಿಲ್ಲವೇನೋ’ ಎಂದು ಸಂಶಯಪಡುತ್ತದೆ. ಆದರೆ ಕನ್ನಡದ ಅಧ್ಯಾಪಕನೊಬ್ಬ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಕಂಪ್ಯೂಟರಿಗೆ ಅಪ್ಪಣೆ ಬರೆಯುವ ಸಿ ಎಂಬ ಭಾಷೆಯನ್ನು ಅಕ್ಷರಾಭ್ಯಾಸದಿಂದ ಕಲಿಯಲು ಕುಳಿತರೆ ಏನೆನ್ನಬೇಕೆಂಬುದು ಲೋಕಕ್ಕೂ ತಿಳಿದಂತಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಮಾತ್ರ ಒಬ್ಬರು ಕೇಳಿಯೇಬಿಟ್ಟರು: “ಏನು ಸಾರ್, ಪಂಪನನ್ನು ಬಿಟ್ಟು ಪಾಯಿಂಟರ್ ಹಿಡಿದಿರಂತೆ?”

ನಾನು ಪಂಪನನ್ನು ಬಿಟ್ಟಿಲ್ಲ. ಪಾಯಿಂಟರ್ ಎಂಬುದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಆದರೂ ಈ ಪ್ರಸಂಗ ನಡೆದದ್ದು ನಿಜ. ಹೇಗೆ ನಡೆಯಿತೆಂಬುದನ್ನು ಓದುಗರ ಮುಂದೆ ಒಪ್ಪಿಸಿಬಿಡುತ್ತೇನೆ.

ನನ್ನ ಊರು ದೇಶನೂರು. ಸಿರುಗುಪ್ಪದ ಬಳಿ ತುಂಗಭದ್ರೆ ಎರಡು ಕವಲಾಗಿ ಒಡೆಯುತ್ತಾಳೆ. ಆ ಎರಡು ಕವಲುಗಳ ನಡುವಿನ ನೆಲವೇ ನಮ್ಮದು. ವಿಜಯನಗರದ ಅರಸರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ದೇಶನೂರಿನ ಹೆಸರಿನದೂ ಒಂದಿದೆ. ಹೀಗಾಗಿ 1953ರಲ್ಲಿ ಮೇಲುಗಡೆ ದೊಡ್ಡ ಅಣೆಕಟ್ಟು ಆಗುವುದಕ್ಕೆ ಬಹಳ ಮುಂಚಿನಿಂದಲೂ ನಮಗೆ ನೀರು ಗೊತ್ತು, ಭತ್ತ ಗೊತ್ತು. ಬಳ್ಳಾರಿಯ ಬಿಸಿಲಿನ ಬಗ್ಗೆ ಯಾರಾದರೂ ಕನಿಕರ ತೋರಿಸಿದರೆ ನಾವು ದೇಶನೂರಿನವರು ಒಳಗೊಳಗೇ ನಗುತ್ತೇವೆ. ನಾನು ಕೆಲಸ ಮಾಡುವುದು ಬಳ್ಳಾರಿಯಲ್ಲಿ. ಹಿರಿಯ ಅಕ್ಕ ಸಂಸಾರದೊಡನೆ ಊರಿನಲ್ಲೇ ಇದ್ದಾಳೆ. ಸೆಮಿಸ್ಟರಿನ ನಡುವೆ ರಜೆ ಬಂದಾಗ ಉತ್ತರಪತ್ರಿಕೆಗಳ ಕಟ್ಟನ್ನೂ ಲ್ಯಾಪ್‌ಟಾಪನ್ನೂ ಹೆಗಲಿಗೇರಿಸಿ ನಾಲ್ಕು ದಿನ ಅಲ್ಲಿ ಕಳೆದು ಬರುವುದು ನನ್ನ ವಾಡಿಕೆ. ಆ ಲ್ಯಾಪ್‌ಟಾಪು 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆಂದು ಕಂತಿನ ಮೇಲೆ ಕೊಂಡದ್ದು. ಅನಂತರ ಅದು ಅಂಕಪಟ್ಟಿ ತುಂಬುವುದನ್ನು ಬಿಟ್ಟು ಬೇರೆ ಘನಕಾರ್ಯವನ್ನೇನೂ ಮಾಡಿರಲಿಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ ಹಾಗೆಯೇ ಹೋದೆ. ಕೊಯ್ಲು ಮುಗಿದಿತ್ತು. ಪಡಸಾಲೆಯಲ್ಲಿ ಭತ್ತದ ಚೀಲಗಳು. ಅವುಗಳ ಪಕ್ಕದಲ್ಲಿ ಅಕ್ಕನ ಮಗಳ ಟ್ರಂಕು, ಹಾಸಿಗೆ, ಬಕೆಟ್ಟು. ಹುಡುಗಿ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ರಜೆಗೆ ಬರುವ ಹುಡುಗಿ ಬಕೆಟ್ಟು ತರುವುದಿಲ್ಲ.

“ನಾನು ಇನ್ನ ಹೋಗದಿಲ್ಲ ಮಾಮ,” ಎಂದಳು. ಅಳುತ್ತಿರಲಿಲ್ಲ. ಅಳು ಮುಗಿಸಿದ ದನಿ ಅದು. “ಆ ಸಿ ನನಗ ತಲಿಗೆ ಹತ್ತವಲ್ದು. ಪರೀಕ್ಷೆದಾಗ 25ಕ್ಕೆ 4 ಬಂದೈತಿ. ಎಲ್ಲಾರೂ ಕೀ ಒತ್ತಿ ನಗ್ತಿರ್ತಾರ, ನನ್ನ ಪರದಿ ಮ್ಯಾಲೆ ಬರೇ ಎರರ್.”

ಅಕ್ಕ ಮಾತನಾಡಲಿಲ್ಲ. ಚಹಾದ ಲೋಟ ನನ್ನ ಮುಂದಿಟ್ಟು ಒಮ್ಮೆ ನನ್ನ ಮುಖ ನೋಡಿ ಒಳಕ್ಕೆ ಹೋದಳು. ಆ ನೋಟದ ಅರ್ಥ ನನಗೆ ಆಗಲೇ ಆಯಿತು. ಆದರೆ ಅರ್ಥವಾಗದವನಂತೆ ಚಹಾ ಕುಡಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾವುದನ್ನು ಮೊದಲು ಹೇಳಬೇಕೋ ಅದನ್ನು ಆಮೇಲೆ ಹೇಳುವುದು ತಪ್ಪಿತಸ್ಥರ ಸ್ವಭಾವ.

ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ: “ಅದೇನು ಮಹಾ? ಅದೂ ಒಂದು ಭಾಷೆ ತಾನೆ? ಇಪ್ಪತ್ತು ವರ್ಷದಿಂದ ಭಾಷೆ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ತಾ ನೋಡೋಣ.” ಉತ್ತರಕುಮಾರ ಕೂಡ ಇದಕ್ಕಿಂತ ಹೆಚ್ಚಿನ ಧೈರ್ಯದಿಂದ ರಥ ಹತ್ತಿರಲಾರ.

ಹುಡುಗಿ ಟ್ರಂಕಿನಿಂದ ಪುಸ್ತಕ ತೆಗೆದಳು. ಎರಡು ಪುಟ ತಿರುವುವುದರೊಳಗೆ ನನ್ನ ರಥ ಹಿಂದಕ್ಕೆ ತಿರುಗಿತು. ಇಂಗ್ಲಿಷು ನನಗೆ ಬರುತ್ತದೆ; ಆದರೆ ಅಲ್ಲಿ ಇಂಗ್ಲಿಷಿನ ಪದಗಳೆಲ್ಲ ತಮ್ಮ ಮನೆಯ ಅರ್ಥ ಬಿಟ್ಟು ಬೇರೆ ವೇಷ ಹಾಕಿದ್ದವು. ಸ್ಟ್ರಿಂಗ್ ಎಂದರೆ ದಾರವಲ್ಲ, ಅಕ್ಷರಗಳ ಸಾಲು. ರಿಟರ್ನ್ ಎಂದರೆ ಮನುಷ್ಯ ಮರಳುವುದಲ್ಲ, ಬೆಲೆ ಮರಳುವುದು. ಲೈಬ್ರರಿಯಲ್ಲಿ ಪುಸ್ತಕವಿಲ್ಲ. ನನಗೇ ಹೀಗಾದರೆ ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿದ ಈ ಹುಡುಗಿಗೆ ಹೇಗಾಗಿರಬೇಡ?

ಬಳ್ಳಾರಿಯಲ್ಲಿರುವ ಕಂಪ್ಯೂಟರ್ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿದೆ. ಅವರು ಬಹಳ ನಕ್ಕು, ಬಹಳ ತಾಳ್ಮೆಯಿಂದ, ಜಿಸಿಸಿ ಎಂಬ ಕಂಪೈಲರನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಬಗೆ ಹೇಳಿದರು. ನಾವು ಬರೆದ ಸಿಯನ್ನು ಓದಿ, ತಪ್ಪಿದ್ದರೆ ತಪ್ಪೆಂದು ಹೇಳಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವ ಸೊನ್ನೆ ಒಂದುಗಳಿಗೆ ಭಾಷಾಂತರ ಮಾಡಿಕೊಡುವ ದುಭಾಷಿಯೇ ಕಂಪೈಲರು. ರಿಚರ್ಡ್ ಸ್ಟಾಲ್ಮನ್ ಎಂಬ ಹಟಗಾರ 1987ರಲ್ಲಿ ಇದನ್ನು ಬಿಡುಗಡೆ ಮಾಡಿದನಂತೆ. ಕಾಸಿಲ್ಲದೆ ಸಿಗುತ್ತದೆ ಎಂದು ಕೇಳಿದಾಗ ನನಗೆ ಅವನ ಮೇಲೆ ವಿಶೇಷವಾದ ಗೌರವ ಹುಟ್ಟಿತು.

ಭಾಷೆಯ ಅಧ್ಯಾಪಕನಿಗೆ ಭಾಷೆಯ ವಂಶಾವಳಿ ತಿಳಿಯದೆ ಮುಂದೆ ಹೋಗಲು ಮನಸ್ಸು ಬಾರದು. ಸಿಯದು ಸಣ್ಣ ವಂಶ. ಇಂಗ್ಲೆಂಡಿನ ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ಎಂಬವರು 1967ರಲ್ಲಿ ಬಿಸಿಪಿಎಲ್ ಎಂಬ ಭಾಷೆ ಮಾಡಿದರು. ಅದನ್ನು ಕುಗ್ಗಿಸಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಬಿ ಎಂದರು. ಅದನ್ನು ಹಿಗ್ಗಿಸಿ ಅವರ ಗೆಳೆಯ ಡೆನಿಸ್ ರಿಚಿ 1972ರ ಸುಮಾರಿಗೆ ಸಿ ಎಂದರು. ಮಕ್ಕಳಿಗೆ ಹೆಸರಿಡಲು ನಾವು ಪಂಚಾಂಗ ತೆಗೆಯುತ್ತೇವೆ. ಆ ಪುಣ್ಯಾತ್ಮರು ಅಕ್ಷರಮಾಲೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟರು, ಅಷ್ಟೆ. 1973ರಲ್ಲಿ ಯೂನಿಕ್ಸ್ ಎಂಬ ದೊಡ್ಡ ವ್ಯವಸ್ಥೆಯನ್ನೇ ಈ ಭಾಷೆಯಲ್ಲಿ ಹೊಸದಾಗಿ ಬರೆದರು. ಈಗ ನಮ್ಮ ಭಾವನವರ ಅಂಗಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯವಾದ ಲಿನಕ್ಸ್ ಕೂಡ ಬಹುಮಟ್ಟಿಗೆ ಸಿಯಲ್ಲೇ ಬರೆದದ್ದು. ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದೇ ತಿಂಗಳು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಲೋಕವೆಲ್ಲ ದುಃಖಿಸಿತು. ರಿಚಿಗಾಗಿ ದುಃಖಿಸಿದವರು ಕಡಮೆ. ಮನೆಯನ್ನು ಹೊಗಳುವವರು ತಳಪಾಯವನ್ನು ಹೊಗಳುವುದು ಎಲ್ಲಿಯೂ ಇಲ್ಲ.

ರಿಚಿ ಮತ್ತು ಬ್ರಯನ್ ಕರ್ನಿಹಾನ್ ಸೇರಿ 1978ರಲ್ಲಿ ಈ ಭಾಷೆಗೆ ಒಂದು ಪುಸ್ತಕ ಬರೆದರು. ಅದರ ಮೊದಲ ಪಾಠ ಪರದೆಯ ಮೇಲೆ ‘ಲೋಕಕ್ಕೆ ನಮಸ್ಕಾರ’ ಎಂಬರ್ಥದ ಎರಡು ಇಂಗ್ಲಿಷ್ ಪದ ಮೂಡಿಸುವುದು. ಅಂದಿನಿಂದ ಯಾವ ಗಣಕಭಾಷೆ ಕಲಿಯುವವರೂ ಮೊದಲು ಅದನ್ನೇ ಬರೆಯುತ್ತಾರಂತೆ. ನಮ್ಮಲ್ಲಿ ಅಕ್ಕಿಯ ಮೇಲೆ ಓಂಕಾರ ತಿದ್ದಿಸಿದ ಹಾಗೆ. ನಾವೂ ತಿದ್ದಿದೆವು. ಐದಾರು ಸಾಲು. ಮೊದಲು ಎಸ್‌ಟಿಡಿಐಓ ಎಂಬ ಕಡತವನ್ನು ಕರೆಯುವ ಸಾಲು. ಆಮೇಲೆ ಮೇನ್ ಎಂಬ ಹೆಬ್ಬಾಗಿಲು. ಹೂವಿನ ಆವರಣದೊಳಗೆ ಪ್ರಿಂಟ್‌ಎಫ್ ಎಂದು ಬರೆದು ಉದ್ಧರಣ ಚಿಹ್ನೆಗಳ ನಡುವೆ ಮಾತು. ಕೊನೆಗೆ ರಿಟರ್ನ್ ಸೊನ್ನೆ, ಎಂದರೆ ‘ಕೆಲಸ ಸುಖವಾಗಿ ಮುಗಿಯಿತು’ ಎಂಬ ವರದಿ.

ಕಂಪೈಲರಿಗೆ ಕೊಟ್ಟೆ. ಎರರ್.

ಇಪ್ಪತ್ತು ವರ್ಷ ಪರರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ತನ್ನ ತಪ್ಪಿನ ಮೇಲೆ ಗೆರೆ ಬಿದ್ದಾಗ ಆಗುವ ಅನುಭವವನ್ನು ವರ್ಣಿಸಲು ಹೋಗುವುದಿಲ್ಲ. ಆರನೆಯ ಸಾಲು ತಪ್ಪು ಎಂದಿತು. ಆರನೆಯ ಸಾಲನ್ನು ಹತ್ತು ಸಲ ಓದಿದೆವು. ಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಸಹೋದ್ಯೋಗಿಗೆ ಮತ್ತೆ ಫೋನು.

“ಸಾರ್, ತಪ್ಪು ಆರನೇ ಸಾಲಿನಲ್ಲಿ ಇಲ್ಲ. ಅದರ ಮೇಲಿನ ಸಾಲು ನೋಡಿ. ಕೊನೆಗೆ ಸೆಮಿಕೋಲನ್ ಬಿಟ್ಟಿದ್ದೀರಿ.”

ಬಿಟ್ಟಿದ್ದೆವು. ಸಿಯಲ್ಲಿ ಪ್ರತಿ ವಾಕ್ಯದ ಕೊನೆಗೂ ಅರ್ಧವಿರಾಮ ಬೇಕು. ಅದಿಲ್ಲದಿದ್ದರೆ ವಾಕ್ಯ ಇನ್ನೂ ಮುಗಿದಿಲ್ಲವೆಂದು ಕಂಪೈಲರು ಮುಂದಿನ ಸಾಲಿಗೂ ನಡೆದು ಹೋಗಿ, ಅಲ್ಲಿ ಎಡವಿ, ಎಡವಿದ ಜಾಗವನ್ನೇ ತೋರಿಸಿ ಕೂಗುತ್ತದೆ. ಹೊಸ ಕಂಪೈಲರುಗಳು ಈ ಒಂದು ವಿಷಯದಲ್ಲಿ ತಕ್ಕಮಟ್ಟಿಗೆ ಜಾಣವಾಗಿವೆಯಂತೆ. ನಾವು ಇಳಿಸಿಕೊಂಡದ್ದು ಹಳೆಯ ಕಾಲದ್ದು. ಒಂದು ಚುಕ್ಕೆ, ಒಂದು ಅಲ್ಪವಿರಾಮ ಸೇರಿಸಿದೆವು. ಲೋಕಕ್ಕೆ ನಮಸ್ಕಾರ ಮೂಡಿತು. ಹುಡುಗಿ ನಗಲಿಲ್ಲ. “ಇದನ್ನ ಯಾರೂ ಹೇಳ್ಲಿಲ್ಲ ಮಾಮ,” ಎಂದಳು. “ನಾನು ಅದೇ ಸಾಲು ತಿದ್ದಿ ತಿದ್ದಿ ಇಟ್ಟೆ.”

ಅಂದು ರಾತ್ರಿ ನಾವಿಬ್ಬರೂ ಒಂದು ಲೆಕ್ಕ ಹಾಕಿದೆವು. 1989ರಲ್ಲಿ ಈ ಭಾಷೆಗೆ ಒಂದು ನಿಯಮಾವಳಿ ಗೊತ್ತುಮಾಡಿದಾಗ ಅದರಲ್ಲಿದ್ದ ಮೀಸಲು ಪದಗಳು 32. ಇಫ್, ಎಲ್ಸ್, ಫಾರ್, ವೈಲ್, ಇಂಟ್, ಹೀಗೆ ಒಂದೇ ಪುಟದಲ್ಲಿ ಮುಗಿಯುತ್ತವೆ. ಆಮೇಲೆ ಸೇರಿದ ಕೆಲವು ಪದಗಳು ಕಲಿಯುವವರಿಗೆ ಬೇಕಾಗಿಲ್ಲ. 32 ಪದದ ಭಾಷೆ! ನಮ್ಮ ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಇಷ್ಟು ಬಡ ಭಾಷೆಯನ್ನು ಕನಸಿನಲ್ಲಿಯೂ ಕಂಡಿರಲಾರ. “ಈ 32 ಪದ ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೂ ಹೊಸವೇ,” ಎಂದೆ. “ಇಲ್ಲಿ ಎಲ್ಲರೂ ಪರಸ್ಥಳದವರು. ನಿನಗೆ ಕಷ್ಟವಾಗುತ್ತಿರುವುದು ಸಿ ಅಲ್ಲ. ಸಿಯನ್ನು ಹೇಳುವ ಪುಸ್ತಕದ ಭಾಷೆ.” ಅವಳು ನನ್ನನ್ನು ನೋಡಿದಳು. ಆ ಮಾತನ್ನು ಅವಳಿಗಾಗಿ ಆಡಿದೆನೋ ನನಗಾಗಿ ಆಡಿದೆನೋ ಆಗ ತಿಳಿದಿರಲಿಲ್ಲ.

ಮಾರನೆಯ ದಿನದಿಂದ ಪುಸ್ತಕವನ್ನು ಮುಚ್ಚಿಟ್ಟು ಪಡಸಾಲೆಯನ್ನೇ ಪುಸ್ತಕ ಮಾಡಿಕೊಂಡೆವು. ವೇರಿಯಬಲ್ ಎಂದರೆ ಹೆಸರು ಬರೆದ ಚೀಲ. ಒಳಗಿನ ಕಾಳು ಬದಲಾಗಬಹುದು, ಚೀಲದ ಹೆಸರು ಬದಲಾಗದು. ಇಂಟ್ ಎಂದರೆ ಪೂರ್ಣಸಂಖ್ಯೆ ಮಾತ್ರ ಹಿಡಿಸುವ ಚೀಲ. ಇಫ್ ಎಂದರೆ ಕಾಲುವೆಯ ತೂಬು: ಷರತ್ತು ಸರಿಯಿದ್ದರೆ ತೆರೆ, ಇಲ್ಲವಾದರೆ ನೀರು ಎಲ್ಸ್‌ನ ಕಡೆಗೆ. ಸ್ಕ್ಯಾನ್‌ಎಫ್‌ಗೆ ಸಂಖ್ಯೆ ಓದಿಸುವಾಗ ವೇರಿಯಬಲ್ಲಿನ ಹಿಂದೆ & ಎಂಬ ಗುರುತು ಏಕೆ ಎಂದು ಅವಳಿಗೆ ಮೂರು ತಿಂಗಳಿಂದ ತಿಳಿದಿರಲಿಲ್ಲ. “ಟಪಾಲಿನವನಿಗೆ ಹೆಸರು ಸಾಲದು, ವಿಳಾಸ ಬೇಕು. & ಎಂದರೆ ಈ ಚೀಲ ಇರುವ ಮನೆಯ ವಿಳಾಸ,” ಎಂದೆ. ಇದು ಕೂಡ ಸಹೋದ್ಯೋಗಿ ಫೋನಿನಲ್ಲಿ ಹೇಳಿದ್ದೇ. ಟಪಾಲಿನವನನ್ನು ಮಾತ್ರ ನಾನು ಸೇರಿಸಿದ್ದು.

ಅವಳು ಸ್ವಂತವಾಗಿ ಬರೆದ ಮೊದಲ ಲೆಕ್ಕ ಭತ್ತದ್ದು. ಚೀಲಕ್ಕೆ 75 ಕಿಲೋ. ಎಷ್ಟು ಚೀಲ ಎಂದು ಕೇಳಿ, 75ರಿಂದ ಗುಣಿಸಿ, 100ರಿಂದ ಭಾಗಿಸಿ, ಕ್ವಿಂಟಲ್ ಎಷ್ಟಾಯಿತೆಂದು ಹೇಳಬೇಕು. ಎರರ್ ಒಂದೂ ಬರಲಿಲ್ಲ. ಭಾವನವರನ್ನು ಕರೆದು ತೋರಿಸಿದೆವು. ಅವರು 7 ಚೀಲ ಎಂದರು. ಪರದೆ 5 ಕ್ವಿಂಟಲ್ ಎಂದಿತು.

ಭಾವನವರು ಓದಿದ್ದು ಏಳನೆಯ ತರಗತಿ. ಬೆರಳು ಮಡಿಸುವಷ್ಟು ಹೊತ್ತು ಕೂಡ ತೆಗೆದುಕೊಳ್ಳದೆ ಹೇಳಿದರು: “ಐದು ಕ್ವಿಂಟಲ್ ಇಪ್ಪತ್ತೈದು ಕೆಜಿ ಆಗ್ತದ. ಆ ಇಪ್ಪತ್ತೈದು ಕೆಜಿ ಯಾರ ಮನಿಗೆ ಹೋತು?”

ದಲಾಲಿಯ ಮನೆಗೆ ಹೋದದ್ದಲ್ಲ. ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಸಿ ಉಳಿದದ್ದನ್ನು ಸದ್ದಿಲ್ಲದೆ ಬಿಸಾಡುತ್ತದೆ. 525ನ್ನು 100ರಿಂದ ಭಾಗಿಸಿದರೆ ಅದರ ಲೆಕ್ಕದಲ್ಲಿ 5. ಚೀಲವನ್ನು ಫ್ಲೋಟ್ ಎಂಬ ದಶಮಾಂಶದ ಚೀಲವಾಗಿ ಬದಲಿಸಿ, 100ರ ಬದಲು 100.0 ಎಂದು ಬರೆದ ಮೇಲೆ 5.25 ಬಂತು. ವ್ಯಾಕರಣಕ್ಕೆ ಸರಿಯಾದದ್ದೆಲ್ಲ ಅರ್ಥಕ್ಕೂ ಸರಿಯಾಗಿರಬೇಕಿಲ್ಲವೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಉದಾಹರಣೆ ಸಿಕ್ಕಿದ್ದು ಅಂದು. ಕಂಪೈಲರು ಕಂಡುಹಿಡಿಯದ ತಪ್ಪನ್ನು ಏಳನೆಯ ತರಗತಿಯ ರೈತ ಕಂಡುಹಿಡಿದದ್ದು ಹುಡುಗಿಗೆ ಬಹಳ ಹಿಡಿಸಿತು. ಅಪ್ಪನನ್ನು ಅವಳು ಆ ದಿನ ಮತ್ತೆ ಮತ್ತೆ ಕರೆದು ಲೆಕ್ಕ ಕೇಳಿದಳು.

ಐದನೆಯ ದಿನ ಸುತ್ತುಗಳಿಗೆ ಬಂದೆವು. ಫಾರ್ ಎಂಬ ಪದದಿಂದ ಒಂದೇ ಕೆಲಸವನ್ನು ಎಷ್ಟು ಸಲವಾದರೂ ಮಾಡಿಸಬಹುದು. ಸುತ್ತಿನೊಳಗೆ ಸುತ್ತು, ಅದರೊಳಗೆ ಇನ್ನೊಂದು ಸುತ್ತು ಎಂದಾಗ ಹುಡುಗಿಗೆ ತಲೆ ಸುತ್ತಿತು, ನನಗೂ ಸುತ್ತಿತು. ಆಗ ನನ್ನ ಸಹಾಯಕ್ಕೆ ಬಂದದ್ದು ಛಂದಸ್ಸು. ಲಘು ಮತ್ತು ಗುರು ಎಂಬ ಎರಡೇ ವಸ್ತು. ಮೂರು ಅಕ್ಷರದ ಜಾಗದಲ್ಲಿ ಅವನ್ನು ಎಷ್ಟು ಬಗೆಯಾಗಿ ಕೂಡಿಸಬಹುದು? ಎಂಟು. ಅವೇ ನಮ್ಮ ಎಂಟು ಅಕ್ಷರಗಣಗಳು. ಎರಡು ಸಾವಿರ ವರ್ಷಗಳಾಚೆ ಪಿಂಗಳ ಇದನ್ನು ಪ್ರಸ್ತಾರ ಎಂಬ ಕ್ರಮದಿಂದ ಬರೆಯುವುದನ್ನು ಹೇಳಿಕೊಟ್ಟ. ಕನ್ನಡದಲ್ಲಿ ನಾಗವರ್ಮ 10ನೆಯ ಶತಮಾನದ ಕೊನೆಗೆ ಛಂದೋಂಬುಧಿ ಬರೆದ. ಎರಡೇ ವಸ್ತುವಿನಿಂದ ಎಲ್ಲವನ್ನೂ ಎಣಿಸುವುದು ನಮ್ಮ ಮನೆಯ ವಿದ್ಯೆಯೇ ಎಂದು ಹುಡುಗಿಗೆ ಹೇಳುವಾಗ ನನಗೆ ಸ್ವಲ್ಪ ಎದೆ ಉಬ್ಬಿತ್ತೆಂದು ಒಪ್ಪುತ್ತೇನೆ.

ಒಂದರೊಳಗೊಂದು ಮೂರು ಸುತ್ತು ಬರೆದೆವು. ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲಿನ ಆಕಾರದ ಗುರುತು. ಎಂಟು ಸಾಲು ಪಟಪಟನೆ ಮೂಡಿದವು. ಎಣಿಕೆ ಸರಿ, ಆದರೆ ಸಾಲು ನನ್ನ ಕಣ್ಣಿಗೆ ಒಗ್ಗಲಿಲ್ಲ. ಪ್ರಸ್ತಾರದಲ್ಲಿ ಗಣಗಳು ಮ ಯ ರ ಸ ತ ಜ ಭ ನ ಎಂದು ಬರಬೇಕು. ಪರದೆಯಲ್ಲಿ ಮ ತ ರ ಭ ಯ ಜ ಸ ನ ಎಂದು ಬಂದಿದ್ದವು. “ಎಂಟೂ ಇವೆ, ಆದರೆ ಪಂಕ್ತಿ ತಪ್ಪಿ ಕುಳಿತಿವೆ,” ಎಂದು ಹೇಳಿ, ಸಹೋದ್ಯೋಗಿಯ ನಂಬರು ಹುಡುಕತೊಡಗಿದೆ.

“ತಡಿ ಮಾಮ,” ಎಂದಳು.

ಕಾಗದ ತೆಗೆದುಕೊಂಡು ಎರಡನ್ನೂ ಪಕ್ಕ ಪಕ್ಕ ಬರೆದಳು. ಬಹಳ ಹೊತ್ತು ನೋಡಿದಳು. ಹೊರಗೆ ಎಮ್ಮೆಗೆ ನೀರಿಡುವ ಸದ್ದು. “ಪಿಂಗಳನ ಲೆಕ್ಕದಾಗ ಎಡಗಡೆ ಅಕ್ಷರ ಜಲ್ದಿ ಜಲ್ದಿ ಬದಲಾಗ್ತೈತಿ. ನಮ್ಮದರಾಗ ಎಲ್ಲಾಕಿಂತ ಒಳಗಿನ ಸುತ್ತು ಜಲ್ದಿ ಓಡ್ತೈತಿ, ಅದು ಬಲಗಡೆ ಐತಿ. ಹಂಗಾದ್ರ ಒಳಗಿಂದನ್ನ ಮೊದಲು ಬರಸಿದ್ರ ಆತು.” ಪ್ರಿಂಟ್‌ಎಫ್‌ನಲ್ಲಿ ಮೂರು ಹೆಸರುಗಳ ಸರದಿಯನ್ನು ತಿರುವುಮುರುವು ಮಾಡಿ ಕೀಲಿ ಒತ್ತಿದಳು. ಮ ಯ ರ ಸ ತ ಜ ಭ ನ. ನಾನು ಫೋನನ್ನು ಜೇಬಿಗೆ ಹಾಕಿದೆ. ಆ ಕ್ಷಣದಿಂದ ಅವಳಿಗೆ ನನ್ನ ಅಗತ್ಯ ಇರಲಿಲ್ಲವೆಂದು ನನಗೆ ಗೊತ್ತಾಯಿತು. ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ, ಇದಕ್ಕಿಂತ ದೊಡ್ಡ ಸಂಕಟವೂ ಇಲ್ಲ.

ಆ ರಾತ್ರಿ ಅವಳೇ ಒಂದು ಆಟ ಹೂಡಿದಳು. ಅಕ್ಷರಗಳ ಉದ್ದ ಅಳೆಯುವ ಒಂದು ಉಪಕರಣ ಸಿಯ ಲೈಬ್ರರಿಯಲ್ಲಿದೆ. ಅದಕ್ಕೆ ಕನ್ನಡದಲ್ಲಿ ‘ದೇಶನೂರು’ ಎಂದು ಬರೆದು ಕೊಟ್ಟಳು. ನನ್ನ ಲೆಕ್ಕದಲ್ಲಿ ಅದು ನಾಲ್ಕು ಅಕ್ಷರ. ಮಾತ್ರೆಯಲ್ಲಿ ಎಣಿಸಿದರೆ ಆರು. ಸಿ 21 ಎಂದಿತು. ನಾನು ಸಿಟ್ಟಾದೆ. ಫೋನಿನಲ್ಲಿ ವಿಚಾರಿಸಿದ ಮೇಲೆ ವಿಷಯ ತಿಳಿಯಿತು. ಸಿ ಹುಟ್ಟಿದ ಮನೆಯಲ್ಲಿ ಅಕ್ಷರ ಎಂದರೆ ಇಂಗ್ಲಿಷಿನದು. ಒಂದು ಅಕ್ಷರಕ್ಕೆ ಒಂದು ಬೈಟಿನ ಗೂಡು. ಆ ಗೂಡಿನಲ್ಲಿ ಲೋಕದ ಬೇರೆ ಲಿಪಿಗಳಿಗೆ ಜಾಗವಿರಲಿಲ್ಲ. ಯೂನಿಕೋಡ್ ಬಂದು ಕನ್ನಡಕ್ಕೆ 128 ಮನೆಗಳ ಒಂದು ಓಣಿ ಕೊಟ್ಟಿತು. ‘ದೇಶನೂರು’ ಎಂಬುದರಲ್ಲಿ ದ, ಏತ್ವ, ಶ, ನ, ದೀರ್ಘದ ಕೊಂಬು, ರ, ಕೊಂಬು ಎಂದು ಏಳು ಗುರುತುಗಳಿವೆ; ಒಂದೊಂದೂ ಹಳೆಯ ಮನೆಯಲ್ಲಿ ಮೂರು ಮೂರು ಗೂಡು ಹಿಡಿಯುತ್ತದೆ. ಒಟ್ಟು 21. ಈ ಮೂರು ಗೂಡಿನ ಏರ್ಪಾಟಿಗೆ ಯುಟಿಎಫ್-8 ಎಂದು ಹೆಸರು. 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದನ್ನು ಗೀಚಿದವರು ಇಬ್ಬರು: ರಾಬ್ ಪೈಕ್, ಮತ್ತು ಅದೇ ಕೆನ್ ಥಾಂಪ್ಸನ್, ಬಿ ಭಾಷೆಯ ಜನಕ. ಒಂದೇ ಅಕ್ಷರಮಾಲೆಯನ್ನು ನೆನೆದು ಕಟ್ಟಿದ ಮನೆತನದವರೇ ಇಪ್ಪತ್ತು ವರ್ಷದ ಮೇಲೆ ಗೋಡೆಯೊಡೆದು ನಮಗೂ ಬಾಗಿಲು ಇಟ್ಟರು. ನನ್ನ ಸಿಟ್ಟು ಇಳಿಯಿತು.

ಹುಡುಗಿಗೆ ಸಿಟ್ಟೇ ಬಂದಿರಲಿಲ್ಲ. “ನೋಡವ್ವ,” ಎಂದು ಒಳಕ್ಕೆ ಕೂಗಿದಳು, “ನಮ್ಮೂರು ಇದಕ ದೊಡ್ಡ ಊರು ಕಾಣ್ತೈತಿ!”

ಅಕ್ಕ ಒಲೆಯ ಮುಂದೆ ನಕ್ಕಳು. ನಾನು ಹೋದಂದಿನಿಂದ ಅವಳು ನಕ್ಕದ್ದು ಅದೇ ಮೊದಲು. ಈಗ ಆ ನೋಟದ ವಿಷಯ ಹೇಳಬೇಕು.

ಹನ್ನೆರಡು ವರ್ಷದ ಹಿಂದೆ ಅಕ್ಕ ನನ್ನನ್ನು ಕೇಳಿದ್ದಳು: ಮಗಳನ್ನು ಸಿರುಗುಪ್ಪದ ಇಂಗ್ಲಿಷ್ ಶಾಲೆಗೆ ಹಾಕಲೇ, ಊರ ಸರ್ಕಾರಿ ಶಾಲೆಗೆ ಹಾಕಲೇ? ನಾನು ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ತಾಯ್ನುಡಿಯಲ್ಲಿ ಕಲಿತದ್ದು ಬೇರಿಗೆ ಇಳಿಯುತ್ತದೆ ಎಂದೆ. ಅಕ್ಕ ನಂಬಿದಳು. ಅದಾದ ಎರಡು ವರ್ಷಕ್ಕೆ ನನ್ನ ಮಗನ ಸರದಿ ಬಂತು. ಅವನನ್ನು ಬಳ್ಳಾರಿಯ ಇಂಗ್ಲಿಷ್ ಶಾಲೆಗೆ ಸೇರಿಸಿದೆ. ಅದಕ್ಕೆ ಕಾರಣಗಳಿದ್ದವು, ಅಧ್ಯಾಪಕನಿಗೆ ಕಾರಣಗಳ ಬರವೆಂದೂ ಇಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅಕ್ಕ ಇದನ್ನು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ಉತ್ತರ ಕೊಟ್ಟುಬಿಡುತ್ತಿದ್ದೆ.

ಹಾಗಾದರೆ ಕನ್ನಡ ಶಾಲೆಗೆ ಹಾಕೆಂದದ್ದೇ ತಪ್ಪೇ? ಆ ಒಂಬತ್ತು ದಿನಗಳನ್ನು ನೋಡಿದ ಮೇಲೆ ಹಾಗೆ ಹೇಳಲಾರೆ. ಎಡಗಡೆಯ ಅಕ್ಷರ ಬೇಗ ಬದಲಾಗುತ್ತದೆ ಎಂದು ಕಂಡುಹಿಡಿದ ಬುದ್ಧಿ ದೇಶನೂರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ ಬೆಳೆದದ್ದೇ. ತಪ್ಪು ಆ ಸಾಲಿನಲ್ಲಿಲ್ಲ; ಅದರ ಕೊನೆಯಲ್ಲಿದೆ. ಉಪದೇಶ ಮಾಡಿ ಎದ್ದು ಬಂದೆ. ಪಿಯುಸಿಯಲ್ಲಿ ವಿಜ್ಞಾನವೆಲ್ಲ ಒಮ್ಮೆಲೆ ಇಂಗ್ಲಿಷಿಗೆ ಹಾರಿದಾಗ ಹುಡುಗಿ ಹೇಗೆ ದಾಟಿದಳೆಂದು ಒಂದು ದಿನ ಹೋಗಿ ಕೇಳಲಿಲ್ಲ. ಅವಳು ಉರುಹೊಡೆದು ದಾಟಿದ್ದಳು. ಇಲ್ಲಿ ಉರುಹೊಡೆಯುವುದು ನಡೆಯದೆ ಎಡವಿದಳು. ಎಡವಿದ ಜಾಗ ಸಿ. ಬಿಟ್ಟುಹೋದ ಚುಕ್ಕೆ ನನ್ನದು.

ಹೊರಡುವ ದಿನ ಇದನ್ನು ಅಕ್ಕನಿಗೆ ಹೇಳಲು ಬಾಯಿ ತೆರೆದೆ. “ಇರಲಿ ಬಿಡು,” ಎಂದಳು. “ಬಂದ್ಯಲ್ಲ.” ಮಗಳ ಟ್ರಂಕು, ಹಾಸಿಗೆ, ಬಕೆಟ್ಟು ನನ್ನ ಜೊತೆಗೇ ಬಸ್ಸು ಹತ್ತಿದವು, ಹುಡುಗಿಯೂ ಹತ್ತಿದಳು. ಬಕೆಟ್ಟು ಮಾತ್ರ ಬಳ್ಳಾರಿಯವರೆಗೂ ನನ್ನ ತೊಡೆಯ ಮೇಲಿತ್ತು.

ಮುಂದಿನ ಪರೀಕ್ಷೆಯಲ್ಲಿ ಅವಳಿಗೆ 25ಕ್ಕೆ 14 ಬಂತು. ಇದು ಪವಾಡವಲ್ಲ, ಪವಾಡವೆಂದು ಯಾರೂ ತಿಳಿಯಬಾರದು. ವಾರಕ್ಕೊಂದು ಸಂಜೆ ನಮ್ಮ ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂಡುತ್ತಾಳೆ. ನನ್ನ ಮಗ ಅವಳ ಪಕ್ಕದಲ್ಲಿ ಕುಳಿತು ಗಣಗಳ ಹೆಸರು ಕೇಳಿಕೊಳ್ಳುತ್ತಾನೆ. ಅವನ ಶಾಲೆಯಲ್ಲಿ ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಅಪ್ಪನೂ ಹೇಳಿರಲಿಲ್ಲ.

ನನ್ನ ಉತ್ತರಪತ್ರಿಕೆಗಳ ಕಟ್ಟು ಊರಿನಲ್ಲಿ ಬಿಚ್ಚದೆ ವಾಪಸು ಬಂದಿತ್ತು. ಬಳ್ಳಾರಿಯಲ್ಲಿ ಬಿಚ್ಚಿ ಕುಳಿತೆ. ಮೊದಲಿನ ಹಾಗೆ ಪುಟದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಲು ಕೈ ಬರಲಿಲ್ಲ. ಯಂತ್ರ ಕೂಡ ತಪ್ಪಿಗೆ ಸಾಲಿನ ಸಂಖ್ಯೆ ಹೇಳುತ್ತದೆ. ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೆ? ಈಗ ಪತ್ರಿಕೆ ನೋಡುವುದು ಮೊದಲಿಗಿಂತ ನಿಧಾನವಾಗಿದೆ. ಕಚೇರಿಯವರು ಬೇಸರಪಟ್ಟಿದ್ದಾರೆ.

ನಿನ್ನೆ ರಾತ್ರಿ ಫೋನಿಗೆ ಅವಳ ಸಂದೇಶ ಬಂತು: “ಮಾಮ, 14ನೇ ಸಾಲಿನಾಗ ತಪ್ಪು ಅಂತ ತೋರಸ್ತೈತಿ. ಏನೂ ಕಾಣವಲ್ದು.”

ಪ್ರೋಗ್ರಾಮು ಏನೆಂದು ನಾನು ನೋಡಲಿಲ್ಲ. ನೋಡಿದ್ದರೂ ತಿಳಿಯುವ ಕಾಲ ಮೀರಿದೆ. ಉತ್ತರ ಬರೆಯಲು ಕೈಗೆತ್ತಿಕೊಳ್ಳುವುದರೊಳಗೆ ಎರಡನೆಯ ಸಂದೇಶ ಬಂತು: “ಬ್ಯಾಡ ಬಿಡು, ಸಿಕ್ತು. 13ರಾಗ ಇತ್ತು.”